ನಾಯಿಯ ತುರಿಕೆ ಹೋಗಿ ಹೋಗಿ ಬರುತ್ತಿದ್ದರೆ: ಎಲ್ಲಿಂದ ಶುರು ಮಾಡಬೇಕು

ನಾಯಿ ಸಾಕಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಇಂಜೆಕ್ಷನ್ ಹಾಕಿಸಿದ್ರೆ ಹದಿನೈದು ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಕೆರ್ಕೊಳ್ಳೋಕೆ ಶುರು. ಯಾವ ಶಾಂಪೂ ಒಳ್ಳೇದು?" ಶಾಂಪೂ ಹೆಸರು ಹೇಳಿ ಮುಗಿಸುವಂಥ ಪ್ರಶ್ನೆ ಇದಲ್ಲ. ಆ ಇಂಜೆಕ್ಷನ್ ಬಹುತೇಕ ಸ್ಟೀರಾಯ್ಡ್. ಅದು ತುರಿಕೆಯನ್ನು ಅಡಗಿಸುತ್ತದೆ, ತುರಿಕೆಯ ಕಾರಣ ಇದ್ದಲ್ಲೇ ಇರುತ್ತದೆ. ಜೊತೆಗೆ ಕೊಡುವ ಆ್ಯಂಟಿಬಯೋಟಿಕ್ ಕೀವು ಗುಳ್ಳೆಗಳನ್ನು ಒಣಗಿಸುತ್ತದೆ. ಆದರೆ ಚರ್ಮ ಮೊದಲೇ ಕೆಟ್ಟಿದ್ದರಿಂದ ಕೀವಾಯಿತೇ ಹೊರತು ಕೀವಿನಿಂದ ಚರ್ಮ ಕೆಟ್ಟಿದ್ದಲ್ಲ.

ಪದೇ ಪದೇ ಬರುವ ಚರ್ಮದ ತೊಂದರೆಗೆ ಕಾರಣಗಳು ಮುಖ್ಯವಾಗಿ ನಾಲ್ಕು: ಮೈಮೇಲಿನ ಹುಳಗಳು, ಸೋಂಕು, ಅಲರ್ಜಿ, ಹಾರ್ಮೋನಿನ ಏರುಪೇರು. ಕಷ್ಟವೇನೆಂದರೆ ಇವು ಒಂದರ ಮೇಲೊಂದು ಕೂತಿರುತ್ತವೆ. ಅಲರ್ಜಿಯಿರುವ ನಾಯಿಗೆ ಚಿಗಟವೂ ಇರುತ್ತದೆ, ಕೆರೆದು ಕೆರೆದು ಸೋಂಕೂ ಆಗಿರುತ್ತದೆ. ಎಲ್ಲಕ್ಕೂ ಒಟ್ಟಿಗೆ ಔಷಧಿ ಹಾಕಿದರೆ ಯಾವುದರಿಂದ ವಾಸಿಯಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಾಟ. ಅದಕ್ಕೇ ಕೆಳಗಿನ ಕ್ರಮ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಪೂರ್ತಿ ಮುಗಿಯಲು ನಾಲ್ಕೈದು ತಿಂಗಳು ಹಿಡಿಯಬಹುದು. ಬಹಳಷ್ಟು ನಾಯಿಗಳು ಎರಡನೇ ಅಥವಾ ಮೂರನೇ ಹಂತದಲ್ಲೇ ಗುಣವಾಗುತ್ತವೆ.

ಕೈಗೆ ಬೇಕಾದವು: ಹೇನು ತೆಗೆಯುವ ಒತ್ತು ಹಲ್ಲಿನ ಬಾಚಣಿಗೆ, ಬಿಳಿ ಹತ್ತಿ ಅಥವಾ ಟಿಶ್ಯೂ, ಒಂದು ನೋಟ್‌ಬುಕ್, ತೂಕದ ಯಂತ್ರ, ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್, ಬಿಸಾಡುವ ಗ್ಲೌಸ್.

1. ಮೊದಲು ಬರೆದುಕೊಳ್ಳಿ

ಆಸ್ಪತ್ರೆಗೆ ಹೋಗುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ತುರಿಕೆ ಶುರುವಾದಾಗ ನಾಯಿಯ ವಯಸ್ಸೆಷ್ಟು? ವರ್ಷವಿಡೀ ಇರುತ್ತದೋ, ಮಳೆಗಾಲದಲ್ಲಿ ಮಾತ್ರವೋ? ಮನೆಯಲ್ಲಿ ಬೇರೆ ಪ್ರಾಣಿಗೆ ಅಥವಾ ಮನುಷ್ಯರಿಗೆ ತುರಿಕೆ ಇದೆಯೇ? ಹಿಂದೆ ಕೊಟ್ಟ ಔಷಧಿಗಳ ಹೆಸರೇನು, ಎಷ್ಟು ದಿನ ಕೊಟ್ಟಿರಿ, ಯಾವುದಕ್ಕೆ ತುರಿಕೆ ಇಳಿಯಿತು?

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ತುರಿಕೆ ಮೊದಲು ಬಂತೋ, ಗುಳ್ಳೆ ಮೊದಲು ಬಂತೋ? ಚೆನ್ನಾಗಿದ್ದ ಚರ್ಮವನ್ನೇ ನೆಕ್ಕಿ ಕೆರೆದು ಆಮೇಲೆ ಗಾಯವಾಗಿದ್ದರೆ ಅಲರ್ಜಿಯ ಕಡೆ ನೋಡಬೇಕು. ಗುಳ್ಳೆ ಅಥವಾ ಕೂದಲುದುರುವುದು ಮೊದಲಾಗಿ ಆಮೇಲೆ ತುರಿಕೆ ಸೇರಿಕೊಂಡಿದ್ದರೆ ಸೋಂಕು, ಡೆಮೊಡೆಕ್ಸ್ ಎಂಬ ಚರ್ಮದ ನುಸಿ, ಹಾರ್ಮೋನುಗಳ ಕಡೆ.

ತುರಿಕೆಗೆ ದಿನವೂ 0ಯಿಂದ 10ರವರೆಗೆ ಅಂಕ ಕೊಡಿ. ಆಗೀಗ ಒಮ್ಮೆ ಕೆರೆದರೆ 2. ಊಟದ ಮಧ್ಯೆ, ಆಟದ ಮಧ್ಯೆ ನಿಲ್ಲಿಸಿ ಕೆರೆದರೆ 7 ಅಥವಾ 8. ನಿದ್ದೆಯಿಂದೆದ್ದು ಬಿಡದೆ ಕೆರೆದರೆ 10. ಮನೆಯಲ್ಲಿ ಒಬ್ಬರೇ ಅಂಕ ಕೊಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನೆಕ್ಕುವುದು, ಪಾದ ಕಚ್ಚುವುದು, ನೆಲಕ್ಕೆ ಮುಖ ಉಜ್ಜುವುದು, ಹಿಂಭಾಗವನ್ನು ನೆಲದ ಮೇಲೆ ಎಳೆಯುವುದು, ತಲೆ ಕೊಡವುವುದು ಇವೂ ತುರಿಕೆಯೇ. "ಕೆರೆಯೋದಿಲ್ಲ, ಬರೀ ಕಾಲು ನೆಕ್ಕುತ್ತೆ" ಎನ್ನುವವರು ತುಂಬಾ ಜನ.

ಜಾಗವನ್ನೂ ಗುರುತಿಸಿ:

- ಸೊಂಟ, ಬಾಲದ ಬುಡ, ಹಿಂದೊಡೆ: ಚಿಗಟದ ಅಲರ್ಜಿ.
- ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು, ಹೊಟ್ಟೆ: ಸಾರ್ಕೊಪ್ಟಿಸ್ ಎಂಬ ನುಸಿಯ ಕಜ್ಜಿ.
- ಪಾದ, ಮುಖ, ಕಿವಿಯೊಳಗೆ, ಕಂಕುಳು, ತೊಡೆಸಂದು: ಗಾಳಿ, ದೂಳು ಅಥವಾ ಆಹಾರದ ಅಲರ್ಜಿ.
- ಮರಿಯ ಕಣ್ಣು, ಬಾಯಿಯ ಸುತ್ತ ಕೂದಲುದುರಿ ತುರಿಕೆಯಿಲ್ಲದ ಬೋಳು: ಡೆಮೊಡೆಕ್ಸ್.
- ಎರಡೂ ಪಕ್ಕ ಒಂದೇ ಥರ ಕೂದಲು ತೆಳುವಾಗಿ ತುರಿಕೆಯೇ ಇಲ್ಲದಿರುವುದು: ಹಾರ್ಮೋನು.

ಇವು ಸುಳಿವುಗಳು ಮಾತ್ರ, ತೀರ್ಪಲ್ಲ. ಗ್ರಾನೈಟ್, ಸಿಮೆಂಟ್ ನೆಲದ ಮೇಲೆ ಮಲಗುವ ದೊಡ್ಡ ನಾಯಿಗಳ ಮೊಣಕೈ ಕಪ್ಪಾಗಿ ದಡ್ಡುಗಟ್ಟುವುದು ಮಾತ್ರ ರೋಗವಲ್ಲ, ಒತ್ತಡದ ಗುರುತು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಮುಧೋಳ ನಾಯಿಗಳಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಅದಕ್ಕೆ ಬೇಕಾದದ್ದು ದಪ್ಪ ಹಾಸಿಗೆ, ಮುಲಾಮಲ್ಲ.

2. ಹುಳಗಳನ್ನು ಪೂರ್ತಿಯಾಗಿ ಹೊರಗಿಡಿ

"ನಮ್ಮ ನಾಯಿಗೆ ಚಿಗಟ ಇಲ್ಲ, ನಾವೇ ನೋಡಿದ್ದೇವೆ" ಎಂಬ ಮಾತನ್ನು ಪರೀಕ್ಷೆ ಮಾಡದೆ ನಂಬಬೇಡಿ. ಅಲರ್ಜಿಯಿರುವ ನಾಯಿ ಚಿಗಟವನ್ನು ನೆಕ್ಕಿ ನುಂಗಿಬಿಡುತ್ತದೆ, ಕಣ್ಣಿಗೆ ಒಂದೂ ಬೀಳುವುದಿಲ್ಲ. ಅಂಥ ನಾಯಿ ವಾರಗಟ್ಟಲೆ ಒದ್ದಾಡಲು ಬೆರಳೆಣಿಕೆಯಷ್ಟು ಕಡಿತ ಸಾಕು.

ಪರೀಕ್ಷೆ ಸುಲಭ. ಬಾಲದ ಬುಡದ ಬಳಿ ಒತ್ತು ಬಾಚಣಿಗೆಯಿಂದ ಚರ್ಮಕ್ಕೆ ತಾಗಿಸಿ ಬಾಚಿ. ಹಲ್ಲಿಗೆ ಸಿಕ್ಕಿದ ಕರಿಪುಡಿಯನ್ನು ಒದ್ದೆ ಮಾಡಿದ ಬಿಳಿ ಹತ್ತಿಯ ಮೇಲೆ ಉದುರಿಸಿ, ಒಂದು ನಿಮಿಷ ಬಿಟ್ಟು ನೋಡಿ. ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಪ್ರತಿ ಕಣದ ಸುತ್ತ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಮಲದ ಮೇಲೆ ಅಥವಾ ಗುದದ ಸುತ್ತ ಅಕ್ಕಿಕಾಳಿನಂಥ ತುಣುಕು ಕಂಡರೂ ಚಿಗಟ ಇದೆಯೆಂದೇ ತಿಳಿಯಿರಿ. ಚಿಗಟ ನುಂಗಿದ ನಾಯಿಯ ಹೊಟ್ಟೆಯಲ್ಲಿ ಬೆಳೆಯುವ ಲಾಡಿಹುಳದ ತುಂಡುಗಳವು. ಜಂತುಹುಳದ ಮಾತ್ರೆಯೂ ಬೇಕಾಗುತ್ತದೆ.

ಕಜ್ಜಿಗೆ ಬೇರೆ ಪರೀಕ್ಷೆ. ಕಿವಿಯ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ. ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ ಸಾರ್ಕೊಪ್ಟಿಸ್ ಅನುಮಾನ ಬಲವಾಗುತ್ತದೆ. ಇದು ಚರ್ಮದೊಳಗೆ ಸುರಂಗ ಕೊರೆಯುವ ನುಸಿ. ನಾಯಿಯಿಂದ ನಾಯಿಗೆ ಬೇಗ ಹರಡುತ್ತದೆ, ಮನುಷ್ಯರ ಕೈ, ಹೊಟ್ಟೆಯ ಮೇಲೂ ಸ್ವಲ್ಪ ಕಾಲ ತುರಿಕೆಯ ಗುಳ್ಳೆ ಎಬ್ಬಿಸುತ್ತದೆ. ಚರ್ಮ ಕೆರೆದು ನೋಡುವ ಸ್ಕಿನ್ ಸ್ಕ್ರೇಪಿಂಗ್ ಪರೀಕ್ಷೆಯಲ್ಲಿ ಇದು ಅನೇಕ ಸಲ ಸಿಗುವುದೇ ಇಲ್ಲ. ಹಾಗಾಗಿ ರಿಪೋರ್ಟ್ ನೆಗೆಟಿವ್ ಬಂದರೂ ಲಕ್ಷಣಗಳು ಹೊಂದಿದರೆ ಚಿಕಿತ್ಸೆ ಕೊಟ್ಟೇ ನೋಡಬೇಕು.

ಡೆಮೊಡೆಕ್ಸ್ ಹಾಗಲ್ಲ. ಕೂದಲಿನ ಬುಡದಲ್ಲಿ ಎಲ್ಲ ನಾಯಿಗಳಲ್ಲೂ ಸ್ವಲ್ಪ ಇರುತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಹೆಚ್ಚುತ್ತದೆ, ಬೇರೆಯವರಿಗೆ ಅಂಟುವುದಿಲ್ಲ. ಆಳವಾಗಿ, ನಸು ರಕ್ತ ಜಿನುಗುವವರೆಗೆ ಸ್ಕ್ರೇಪಿಂಗ್ ಮಾಡಿದರೆ ಸೂಕ್ಷ್ಮದರ್ಶಕದಲ್ಲಿ ಸುಲಭವಾಗಿ ಸಿಗುತ್ತದೆ. ಮರಿಗಳಲ್ಲಿ ಒಂದೆರಡು ಮಚ್ಚೆಗಳಾದರೆ ಬಹಳ ಸಲ ತಾನೇ ಮಾಯುತ್ತದೆ. ಡೆಮೊಡೆಕ್ಸ್ ಇರುವ ನಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಅದು ಮೈತುಂಬಾ ಹರಡುತ್ತದೆ. ಸ್ಕ್ರೇಪಿಂಗ್ ಮಾಡದೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಡ ಎನ್ನಲು ಈ ಒಂದು ಕಾರಣ ಸಾಕು.

ಚಿಕಿತ್ಸೆಗೆ ಈಗ ಹೆಚ್ಚು ಬಳಕೆಯಲ್ಲಿರುವುದು ಐಸೊಕ್ಸಜೋಲಿನ್ ಗುಂಪಿನ ಮಾತ್ರೆಗಳು: ಬ್ರಾವೆಕ್ಟೊ, ನೆಕ್ಸ್‌ಗಾರ್ಡ್, ಸಿಂಪಾರಿಕಾ. ಚಿಗಟ, ಉಣ್ಣೆ, ಎರಡೂ ಬಗೆಯ ಕಜ್ಜಿ ನುಸಿ ಎಲ್ಲಕ್ಕೂ ಕೆಲಸ ಮಾಡುವುದರಿಂದ ಈ ಹಂತಕ್ಕೆ ಅನುಕೂಲ. ಬ್ರಾವೆಕ್ಟೊ ಮಾತ್ರೆ ಚಿಗಟಕ್ಕೆ 12 ವಾರ ಬರುತ್ತದೆ, ಉಳಿದೆರಡು ತಿಂಗಳಿಗೊಮ್ಮೆ. ಡೋಸ್ ತೂಕಕ್ಕೆ ತಕ್ಕಂತೆ. ದೊಡ್ಡ ನಾಯಿಯ ಮಾತ್ರೆ ತಂದು ತುಂಡು ಮಾಡಿ ಎರಡು ನಾಯಿಗೆ ಹಂಚಬೇಡಿ. ಫಿಟ್ಸ್ ಬಂದ ಇತಿಹಾಸವಿದ್ದರೆ ಮೊದಲೇ ಹೇಳಿ. ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ.

ಈ ಹಂತದಲ್ಲಿ ಕೆಲಸ ಕೆಡುವುದು ಹೀಗೆ:

ನಾಯಿಗೆ ಮಾತ್ರ ಔಷಧಿ, ಮನೆಗೆ ಇಲ್ಲ. ನಾಯಿಯ ಮೈಮೇಲೆ ಕಾಣುವ ಚಿಗಟ ಒಟ್ಟು ಸಂತತಿಯ ಸುಮಾರು 5%. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡುಗಳಾಗಿ ಚಾಪೆ, ಸೋಫಾ, ನೆಲದ ಬಿರುಕು, ಮರಳುಗುಡ್ಡೆ, ಕೊಟ್ಟಿಗೆಯ ದೂಳಿನಲ್ಲಿದೆ. ಗೂಡಿನೊಳಗಿನ ಚಿಗಟಕ್ಕೆ ಯಾವ ಸ್ಪ್ರೇಯೂ ಸರಿಯಾಗಿ ತಾಗುವುದಿಲ್ಲ, ತಿಂಗಳುಗಟ್ಟಲೆ ಕಾಯುತ್ತದೆ. ಅದಕ್ಕೇ ಕನಿಷ್ಠ 3 ತಿಂಗಳು ಬಿಡದೆ ಔಷಧಿ ಕೊಡಬೇಕು. ಹಾಸಿಗೆಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಒಂದು ನಾಯಿಗೆ ಮಾತ್ರ ಔಷಧಿ. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಂದೇ ಅವಧಿಯಲ್ಲಿ ಕೊಡಬೇಕು. ಆದರೆ ನಾಯಿಗೆಂದು ತಂದ ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿಗೆ ವಿಷ, ಒಂದು ಪೈಪೆಟ್ ಸಾಕು ಬೆಕ್ಕು ಸಾಯಲು.

ಉಣ್ಣೆಯನ್ನು ಬೆರಳಲ್ಲಿ ಹಿಚುಕುವುದು. ನಮ್ಮಲ್ಲಿ ಹೆಚ್ಚಾಗಿರುವ ಕಂದು ಉಣ್ಣೆ ಗೋಡೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಮನೆಯೊಳಗೇ ಸಂಸಾರ ಹೂಡಬಲ್ಲದು. ಕಿತ್ತದ್ದನ್ನು ಸ್ಪಿರಿಟ್ ಹಾಕಿದ ಬಾಟಲಿಗೆ ಹಾಕಿ. ಜ್ವರ, ಊಟ ಬಿಡುವುದು, ವಸಡು ಬಿಳಚಿಕೊಳ್ಳುವುದು ಕಂಡರೆ ಚರ್ಮದ ಮಾತು ಬದಿಗಿಟ್ಟು ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ.

ಕುರಿ, ದನಗಳಿಗೆ ಹಾಕುವ ಐವರ್‌ಮೆಕ್ಟಿನ್ ಅನ್ನು ಅಂದಾಜಿನಲ್ಲಿ ಚುಚ್ಚುವುದು. ಕಾಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್‌ನಂಥ ತಳಿಗಳಲ್ಲಿ ಎಂಡಿಆರ್1 ಎಂಬ ಜೀನ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗ ಔಷಧಿ ಮಿದುಳಿಗೇ ಇಳಿಯುತ್ತದೆ. ಹಾಕಿದ ಮೇಲೆ ತೂರಾಡುವುದು, ಕಣ್ಣಿನ ಪಾಪೆ ದೊಡ್ಡದಾಗುವುದು, ಜೊಲ್ಲು ಸುರಿಸುವುದು ಕಂಡರೆ ತಕ್ಷಣ ಆಸ್ಪತ್ರೆಗೆ.

ಡೆಮೊಡೆಕ್ಸ್ ಎಂದು ಖಚಿತವಾಗಿದ್ದರೆ ಕೂದಲು ಬಂದ ಕೂಡಲೇ ನಿಲ್ಲಿಸಬೇಡಿ. ಒಂದು ತಿಂಗಳ ಅಂತರದಲ್ಲಿ ಮಾಡಿದ ಎರಡು ಸ್ಕ್ರೇಪಿಂಗ್‌ಗಳಲ್ಲೂ ನುಸಿ ಸಿಗದಿದ್ದರೆ ಮಾತ್ರ ಮುಗಿದಂತೆ.

3. ಸೋಂಕನ್ನು ಸ್ಲೈಡ್‌ನಲ್ಲಿ ನೋಡಿ, ಶಾಂಪೂವಿನಲ್ಲಿ ತೊಳೆಯಿರಿ

ಇದನ್ನು ಎರಡನೇ ಹಂತದ ಜೊತೆಗೇ ಶುರು ಮಾಡಬಹುದು. ಸೋಂಕಿನಲ್ಲಿ ಮುಖ್ಯವಾದವು ಎರಡು, ಚಿಕಿತ್ಸೆಯೂ ಬೇರೆ.

ಮೊದಲನೆಯದು ಬ್ಯಾಕ್ಟೀರಿಯಾ. ಹೊಟ್ಟೆಯ ಮೇಲೆ ಸಣ್ಣ ಕೀವು ಗುಳ್ಳೆ, ಅದು ಒಡೆದ ಮೇಲೆ ಉಳಿಯುವ ಉಂಗುರ. ಮಧ್ಯೆ ಕೆಂಪು ಅಥವಾ ಕಪ್ಪು, ಅಂಚಿನ ಸುತ್ತ ಸುಲಿದ ಹೊಟ್ಟು. ಇದನ್ನು ನೋಡಿ "ಹುಳುಕಡ್ಡಿ" ಎಂದು ಹೇಳಿ ಫಂಗಸ್ ಮುಲಾಮು ಹಚ್ಚುವವರೇ ಹೆಚ್ಚು. ನಾಯಿಗಳಲ್ಲಿ ಈ ಉಂಗುರ ಬಹುತೇಕ ಬ್ಯಾಕ್ಟೀರಿಯಾದ್ದೇ. ನಿಜವಾದ ಹುಳುಕಡ್ಡಿಯೂ ಉಂಟು, ಮನೆಯವರಿಗೂ ಅಂಟುತ್ತದೆ. ಖಚಿತಪಡಿಸಲು ಕೂದಲು ಕಿತ್ತು ಫಂಗಲ್ ಕಲ್ಚರ್‌ಗೆ ಕಳಿಸಬೇಕು, ಫಲಿತಾಂಶಕ್ಕೆ ಎರಡು ಮೂರು ವಾರ ಬೇಕು.

ಎರಡನೆಯದು ಮಾಲಸೀಜಿಯಾ ಎಂಬ ಯೀಸ್ಟ್. ಇದನ್ನು ಮೂಗೇ ಹೇಳುತ್ತದೆ: ಜಿಡ್ಡು ಜಿಡ್ಡಾದ ಮೈ, ಎಷ್ಟು ಸ್ನಾನ ಮಾಡಿಸಿದರೂ ಎರಡೇ ದಿನಕ್ಕೆ ಮರಳುವ ಮುಗ್ಗಲು ವಾಸನೆ. ಕತ್ತಿನ ಕೆಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಕರಾವಳಿಯ ಸೆಖೆ, ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಹವೆ.

ಯಾವುದು ಎಂದು ತಿಳಿಯಲು ಕೇಳಬೇಕಾದ ಪರೀಕ್ಷೆ ಟೇಪ್ ಸೈಟಾಲಜಿ. ಪಾರದರ್ಶಕ ಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಸೂಕ್ಷ್ಮದರ್ಶಕವೇ ಇಲ್ಲದ ಕ್ಲಿನಿಕ್‌ನಲ್ಲಿ ಹಳೆಯ ಚರ್ಮರೋಗಕ್ಕೆ ಉತ್ತರ ಸಿಗುವುದು ಕಷ್ಟ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಂಥ ಕಡೆ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದಲ್ಲಿದ್ದರೆ ಅಲ್ಲಿ ವಿಚಾರಿಸಿ.

ಚಿಕಿತ್ಸೆ ಮೊದಲು ಹೊರಗಿನಿಂದ. ಬ್ಯಾಕ್ಟೀರಿಯಾಕ್ಕೆ 2ರಿಂದ 4% ಕ್ಲೋರ್‌ಹೆಕ್ಸಿಡಿನ್ ಇರುವ ನಾಯಿ ಶಾಂಪೂ. ಯೀಸ್ಟ್‌ಗೆ 2% ಕ್ಲೋರ್‌ಹೆಕ್ಸಿಡಿನ್ ಜೊತೆ 2% ಮೈಕೊನಜೋಲ್ ಇರುವುದು. ಬಾಟಲಿಯ ಮುಂಭಾಗದ ಹೆಸರಿಗಿಂತ ಹಿಂಭಾಗದ ಈ ಅಂಕಿಗಳನ್ನು ನೋಡಿ ಕೊಳ್ಳಿ. ಸ್ನಾನದ ವಿಧಾನ ಹೀಗೆ:

ಅ) ಮೊದಲು ಬರೀ ನೀರಿನಲ್ಲಿ ಕೊಳೆ, ಜಿಡ್ಡು ತೊಳೆಯಿರಿ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು. ಬಿಸಿನೀರು ತುರಿಕೆ ಹೆಚ್ಚಿಸುತ್ತದೆ.

ಆ) ಶಾಂಪೂವನ್ನು ಬಕೆಟ್ ನೀರಿಗೆ ಕಲಸಿ ಸುರಿಯಬೇಡಿ. 4% ಇದ್ದದ್ದು ನೀರಲ್ಲಿ ಕರಗಿ ಲೆಕ್ಕಕ್ಕಿಲ್ಲದಷ್ಟಾಗುತ್ತದೆ. ಒದ್ದೆ ಮೈಗೆ ನೇರವಾಗಿ ಹಚ್ಚಿ, ಕೂದಲಿನ ಬುಡಕ್ಕೆ ಇಳಿಯುವಂತೆ ತಿಕ್ಕಿ. ತೊಂದರೆ ಹೆಚ್ಚಿರುವ ಪಾದ, ಕಂಕುಳು, ಹೊಟ್ಟೆಯಿಂದ ಶುರು ಮಾಡಿ. ಕಣ್ಣಿಗೆ ಬೀಳದಿರಲಿ.

ಇ) ಮೊಬೈಲಿನಲ್ಲಿ 10 ನಿಮಿಷ ಟೈಮರ್ ಇಡಿ. ಔಷಧಿ ಕೆಲಸ ಮಾಡುವುದು ಈ ಹತ್ತು ನಿಮಿಷದಲ್ಲೇ. ಎರಡೇ ನಿಮಿಷಕ್ಕೆ ತೊಳೆದು "ಶಾಂಪೂ ಉಪಯೋಗವಿಲ್ಲ" ಎನ್ನುವವರಿಗೆ ಲೆಕ್ಕವಿಲ್ಲ. ಅಷ್ಟು ಹೊತ್ತು ನೆಕ್ಕದಂತೆ ಹಿಡಿದು ಮಾತಾಡಿಸುತ್ತಿರಿ.

ಈ) ಜಾರು ಹೋಗುವವರೆಗೆ ತೊಳೆಯಿರಿ. ಉಳಿದ ಶಾಂಪೂ ತಾನೇ ತುರಿಕೆ ತರುತ್ತದೆ.

ಉ) ಬೆರಳ ಸಂದಿ, ಕಂಕುಳು, ಕಿವಿಯ ಹೊರಭಾಗ ಪೂರ್ತಿ ಒಣಗಬೇಕು. ಟವೆಲ್‌ನಲ್ಲಿ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಬಿಡಿ. ಗೋಲ್ಡನ್ ರಿಟ್ರೀವರ್‌ನಂಥ ದಪ್ಪ ಕೂದಲಿನ ನಾಯಿಗಳಲ್ಲಿ ಒಳಕೂದಲು ಒದ್ದೆ ಉಳಿದರೆ ರಾತ್ರಿ ಕಳೆಯುವುದರೊಳಗೆ ರಸ ಸೋರುವ ಹುಣ್ಣು ಎದ್ದಿರುತ್ತದೆ.

ವಾರಕ್ಕೆ ಎರಡು ಸಲ, ಮೂರರಿಂದ ನಾಲ್ಕು ವಾರ. ಚಿಗಟಕ್ಕೆಂದು ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿ ಬಳಸುತ್ತಿದ್ದರೆ ಅದಕ್ಕೂ ಸ್ನಾನಕ್ಕೂ ಎರಡು ದಿನ ಅಂತರವಿರಲಿ.

ಮೇಲ್ಪದರದ ಸೋಂಕು ಬಹುತೇಕ ಇಷ್ಟರಲ್ಲೇ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಆಳವಾದ ಹುಣ್ಣಿದ್ದರೆ ಆ್ಯಂಟಿಬಯೋಟಿಕ್. ಈಗಾಗಲೇ ಎರಡು ಮೂರು ಬಗೆ ಕೊಟ್ಟು ಸೋತಿದ್ದರೆ ನಾಲ್ಕನೆಯದನ್ನು ಊಹೆಯಿಂದ ಶುರು ಮಾಡಬೇಡಿ, ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ ಕೇಳಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತದೆ ಎಂದು ಅದು ತಿಳಿಸುತ್ತದೆ. ಶುರು ಮಾಡಿದ್ದನ್ನು ಗುಳ್ಳೆ ಒಣಗಿತೆಂದು ನೀವೇ ನಿಲ್ಲಿಸಬೇಡಿ, ಮರುಪರೀಕ್ಷೆಯ ದಿನ ವೈದ್ಯರು ನಿಲ್ಲಿಸಲಿ.

ಕಿವಿಯನ್ನು ಮರೆಯಬೇಡಿ. ಪದೇ ಪದೇ ಕಿವಿ ಸೋರುವುದು ಚರ್ಮರೋಗದ್ದೇ ಭಾಗ. ಕಿವಿಗೆ ಬಡ್ಸ್ ಹಾಕಬೇಡಿ, ನಾಯಿಯ ಕಿವಿನಾಳ ಎಲ್ ಆಕಾರದಲ್ಲಿ ಬಗ್ಗಿದೆ, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಹನಿ ಹಾಕುವ ಮುನ್ನ ತಮಟೆ ಸರಿಯಿದೆಯೇ ಎಂದು ವೈದ್ಯರು ಇಣುಕಿ ನೋಡಿರಬೇಕು.

ಇಷ್ಟಾದ ಮೇಲೆ ಅಂಕ ನೋಡಿ. ಹುಳ ಇಲ್ಲ, ಸ್ಲೈಡ್ ಸ್ವಚ್ಛ, ತುರಿಕೆ 2ಕ್ಕೆ ಇಳಿದಿದೆ ಎಂದರೆ ಇಲ್ಲಿಗೆ ನಿಲ್ಲಿಸಿ. ತುರಿಕೆ ಇನ್ನೂ 5, 6ರಲ್ಲಿದ್ದರೆ ಮುಂದಿನ ಹಂತ. ತುರಿಕೆ ಹೋಗಿ ಸೋಂಕು ಮಾತ್ರ ಮರುಕಳಿಸುತ್ತಿದ್ದರೆ ಆರನೆಯದನ್ನು ನೋಡಿ.

4. ಆಹಾರದ ಪರೀಕ್ಷೆ, ಎಂಟು ವಾರ

ಜನ ಅತಿ ಹೆಚ್ಚು ಎಡವುವುದು ಇಲ್ಲೇ. "ಚಿಕನ್ ನಿಲ್ಲಿಸಿದ್ವಿ, ಏನೂ ಆಗಲಿಲ್ಲ" ಎಂದರೆ ಪರೀಕ್ಷೆ ಆಯಿತೆಂದಲ್ಲ. ಆಹಾರದ ಅಲರ್ಜಿ ಹೊಸ ಊಟಕ್ಕೆ ಬರುವುದು ಕಡಿಮೆ, ವರ್ಷಗಳಿಂದ ತಿನ್ನುತ್ತಿರುವುದಕ್ಕೇ ಬರುತ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ನಮ್ಮ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ ಮೊಸರನ್ನ, ಚಿಕನ್ ಅನ್ನ, ಬಿಸ್ಕತ್ತು, ಚಪಾತಿ.

ರಕ್ತ ಅಥವಾ ಕೂದಲು ಕೊಟ್ಟು "ಫುಡ್ ಅಲರ್ಜಿ ಟೆಸ್ಟ್" ಮಾಡಿಸಲು ದುಡ್ಡು ಹಾಕಬೇಡಿ, ಅವು ನಂಬುವಂತಿಲ್ಲ. ಊಟ ಬದಲಿಸಿ ನೋಡುವುದೊಂದೇ ದಾರಿ.

ಊಟದ ಆಯ್ಕೆ ಎರಡು. ಒಂದು, ಹೈಡ್ರೊಲೈಸ್ಡ್ ಆಹಾರ: ಪ್ರೊಟೀನನ್ನು ದೇಹಕ್ಕೆ ಗುರುತು ಸಿಗದಷ್ಟು ಚೂರು ಮಾಡಿ ತಯಾರಿಸಿದ, ವೈದ್ಯರ ಸಲಹೆಯ ಮೇಲೆ ಕೊಡುವ ಪೊಟ್ಟಣದ ಆಹಾರ. ದುಬಾರಿ, ಆದರೆ ತಪ್ಪಾಗುವುದು ಕಡಿಮೆ. ಅಂಗಡಿಯಲ್ಲಿ ಸಿಗುವ "ಹೈಪೊಅಲರ್ಜೆನಿಕ್", "ಗ್ರೇನ್ ಫ್ರೀ" ಲೇಬಲ್ಲುಗಳು ಇದಲ್ಲ, ಅವುಗಳಲ್ಲಿ ಎಷ್ಟೋ ಆಹಾರಗಳಿಗೆ ಕೋಳಿಯದೇ ಪುಡಿ ಬಿದ್ದಿರುತ್ತದೆ.

ಎರಡು, ಮನೆಯಲ್ಲೇ ಬೇಯಿಸುವುದು: ನಾಯಿ ಇದುವರೆಗೆ ತಿನ್ನದ ಒಂದು ಪ್ರೊಟೀನ್, ಒಂದು ಪಿಷ್ಟ. ಯಾವುದು ಹೊಸದು ಎನ್ನುವುದು ಮನೆ, ಊರಿನ ಮೇಲೆ ನಿಂತಿದೆ. ಒಳನಾಡಿನ ನಾಯಿಗೆ ಮೀನು ಹೊಸದಾಗಬಹುದು, ಮಂಗಳೂರಿನ ನಾಯಿಗೆ ಬಂಗುಡೆ, ಬೂತಾಯಿ ನಿತ್ಯದ ಊಟ. ಕೊಡಗಿನ ಮನೆಯಲ್ಲಿ ಹಂದಿ ಹೊಸದಲ್ಲ, ಬೇರೆಡೆ ಹೊಸದು. ಮೊಲ ಸಿಗುವ ಕಡೆ ಅದು ಒಳ್ಳೆಯ ಆಯ್ಕೆ. ಹಾಲು, ಬೇಳೆ ಮಾತ್ರ ಹಾಕಿ ಬೆಳೆಸಿದ ನಾಯಿಗೆ ಬೇಯಿಸಿದ ಮೊಟ್ಟೆಯೂ ಹೊಸದೇ, ಮನೆಯವರು ಒಪ್ಪಿದರೆ. ಹಾಲಿಗೆ ಅಲರ್ಜಿಯಿದ್ದರೆ ದನದ ಮಾಂಸವೂ, ಕೆಲವೊಮ್ಮೆ ಕುರಿಯೂ ಆಗಿಬರದಿರಬಹುದು ಎಂಬುದು ನೆನಪಿರಲಿ. ಪಿಷ್ಟಕ್ಕೆ ಸಿಹಿಗೆಣಸು ಅಥವಾ ಆಲೂಗಡ್ಡೆ.

ಅಳತೆ: ಬೇಯಿಸಿದ ಮೇಲೆ ಒಂದು ಪಾಲು ಮಾಂಸಕ್ಕೆ ಒಂದರಿಂದ ಎರಡು ಪಾಲು ಗೆಣಸು. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಬೇಡ. ಹಳೆಯ ಊಟಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಬದಲಿಸಿ, ಎಂಟು ವಾರದ ಲೆಕ್ಕ ಆಮೇಲಿನಿಂದ. ವಾರಕ್ಕೊಮ್ಮೆ ತೂಕ ನೋಡಿ, ಇಳಿದರೆ ಪ್ರಮಾಣ ಹೆಚ್ಚಿಸಿ. ಈ ಊಟದಲ್ಲಿ ಕ್ಯಾಲ್ಸಿಯಂ ಮತ್ತಿತರ ಪೋಷಕಾಂಶ ಸಾಲದು. ಬೆಳೆದ ನಾಯಿಗೆ ಎಂಟು ವಾರಕ್ಕೆ ತೊಂದರೆಯಿಲ್ಲ, ಬೆಳೆಯುವ ಮರಿಗೆ ಕೊಡಬೇಡಿ, ಅದಕ್ಕೆ ಹೈಡ್ರೊಲೈಸ್ಡೇ ಸರಿ.

ಇನ್ನು ಕಳ್ಳದಾರಿಗಳು. ಟೀ ಜೊತೆ ಅಜ್ಜ ಹಾಕುವ ಅರ್ಧ ಬಿಸ್ಕತ್ತು. ಮಗುವಿನ ಕುರ್ಚಿಯ ಕೆಳಗೆ ಬಿದ್ದ ಚಪಾತಿ. ಮಾತ್ರೆ ನುಂಗಿಸಲು ಬಳಸುವ ಬೆಣ್ಣೆ, ಬ್ರೆಡ್ಡು. ಹಲ್ಲಿಗೆಂದು ಕೊಡುವ ಕಡ್ಡಿ, ಮೂಳೆ. ರುಚಿ ಬೆರೆಸಿದ ಕ್ಯಾಲ್ಸಿಯಂ ಸಿರಪ್. ಮಾಂಸದ ರುಚಿಯ ಅಗಿಯುವ ಮಾತ್ರೆಗಳು, ಅದರಲ್ಲಿ ಚಿಗಟದ ಮಾತ್ರೆಯೂ ಸೇರಿತು. ಈ ಎರಡು ತಿಂಗಳು ಅದರ ಬದಲು ಬೆನ್ನಿಗೆ ಹಾಕುವ ಹನಿ ಕೇಳಿ. ಬೆಕ್ಕಿನ ಬಟ್ಟಲು, ಪಕ್ಕದ ಮನೆ, ರಸ್ತೆಬದಿಯ ಕೋಳಿಮೂಳೆ. ಮನೆಯಲ್ಲಿ ಎಲ್ಲರೂ ಒಪ್ಪದ ಹೊರತು ಈ ಹಂತ ಶುರುವೇ ಮಾಡಬೇಡಿ. ಕಣ್ತಪ್ಪಿಸಿ ಏನಾದರೂ ತಿಂದರೆ ದಿನಾಂಕ ಬರೆದಿಟ್ಟು ಮುಂದುವರಿಸಿ. ಅದರಿಂದ ತುರಿಕೆ ಏರಿದರೆ ಎರಡು ವಾರದವರೆಗೂ ಉಳಿಯಬಹುದು.

ಶುರುವಿನಲ್ಲಿ ತುರಿಕೆ ತಾಳಲಾರದಂತಿದ್ದರೆ ವೈದ್ಯರು ಮೂರು ನಾಲ್ಕು ವಾರ ತುರಿಕೆಯ ಮಾತ್ರೆ ಕೊಡಬಹುದು. ಅದನ್ನು ನಿಲ್ಲಿಸಿದ ಮೇಲೆ ಕನಿಷ್ಠ ಎರಡು ವಾರ ಊಟವೊಂದರಲ್ಲೇ ಇಟ್ಟು ನೋಡಬೇಕು.

ಎಂಟು ವಾರದ ಕೊನೆಗೆ ತುರಿಕೆ ಅರ್ಧಕ್ಕಿಂತ ಕಡಿಮೆಯಾದರೆ ಕೆಲಸ ಮುಗಿಯಲಿಲ್ಲ. ಹಳೆಯ ಊಟವನ್ನೇ ಮತ್ತೆ ಹಾಕಿ, 14 ದಿನ ನೋಡಿ. ವಾಸಿಯಾದ ನಾಯಿಗೆ ಬೇಕೆಂದೇ ಹಳೆ ಊಟ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಇದನ್ನು ಬಿಟ್ಟರೆ ಹವೆ ಬದಲಾಗಿದ್ದಕ್ಕೆ ವಾಸಿಯಾಯಿತೋ ಊಟಕ್ಕೋ ತಿಳಿಯದು. ತುರಿಕೆ ಮರಳಿದರೆ ಆಹಾರದ ಅಲರ್ಜಿ ಖಚಿತ. ಪರೀಕ್ಷೆಯ ಊಟಕ್ಕೆ ಹಿಂತಿರುಗಿ, ತುರಿಕೆ ಇಳಿದ ಮೇಲೆ ಒಂದೊಂದೇ ಪದಾರ್ಥ ಎರಡೆರಡು ವಾರ ಸೇರಿಸುತ್ತಾ ಹೋಗಿ: ಕೋಳಿ, ಆಮೇಲೆ ಮೊಸರು, ಆಮೇಲೆ ಗೋಧಿ. ಯಾವುದಕ್ಕೆ ಕೆರೆಯುತ್ತದೋ ಅದನ್ನು ಜೀವಮಾನಪೂರ್ತಿ ಬಿಡಿ.

5. ಉಳಿದದ್ದು ಅಟೋಪಿ

ಹುಳ ಇಲ್ಲ, ಸೋಂಕು ಇಲ್ಲ, ಊಟ ಕಾರಣವಲ್ಲ, ಆದರೂ ಪಾದ, ಮುಖ, ಕಿವಿ, ಕಂಕುಳ ತುರಿಕೆ. ಶುರುವಾದದ್ದು ಆರು ತಿಂಗಳಿಂದ ಮೂರು ವರ್ಷದೊಳಗೆ. ಇದಕ್ಕೆ ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ: ದೂಳಿನ ನುಸಿ, ಪರಾಗ, ಬೂಷ್ಟಿನಂಥವಕ್ಕೆ ಹುಟ್ಟಿನಿಂದ ಬಂದ ಅಲರ್ಜಿಯ ಗುಣ. ಲ್ಯಾಬ್ರಡಾರ್, ಗೋಲ್ಡನ್, ಪಗ್, ಶಿಟ್ಜು, ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಹೆಚ್ಚು. ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು. ಇದನ್ನು ಮೊದಲೇ ಒಪ್ಪಿಕೊಂಡರೆ ಡಾಕ್ಟರು ಬದಲಿಸುತ್ತಾ ಅಲೆಯುವ ಖರ್ಚು ಉಳಿಯುತ್ತದೆ.

ಔಷಧಿಗಳಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ. ಕೆಲವು ದಿನಗಳ ಉಲ್ಬಣಕ್ಕೆ ಸರಿ. ತಿಂಗಳುಗಟ್ಟಲೆ ಕೊಟ್ಟರೆ ಅತಿಯಾದ ಹಸಿವು, ಬಾಯಾರಿಕೆ, ಮೂತ್ರ, ಜೋಲುಹೊಟ್ಟೆ, ತೆಳುಚರ್ಮ, ಮತ್ತೆ ಸೋಂಕು. ದಿನಗಟ್ಟಲೆ ಕೊಟ್ಟಿದ್ದನ್ನು ಥಟ್ಟನೆ ನಿಲ್ಲಿಸಬಾರದು, ನೋವಿನ ಮಾತ್ರೆಗಳ ಜೊತೆ ಕೊಡಲೇಬಾರದು. ಓಕ್ಲಾಸಿಟಿನಿಬ್, ಅಂದರೆ ಅಪೋಕ್ವೆಲ್, ಮೊದಲ 14 ದಿನದವರೆಗೆ ದಿನಕ್ಕೆರಡು ಸಲ, ನಂತರ ಒಂದು ಸಲ. ಒಂದು ವರ್ಷ ತುಂಬದ ನಾಯಿಗೆ ಇಲ್ಲ. ಸೈಕ್ಲೊಸ್ಪೊರಿನ್ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಎರಡೇ ವಾರಕ್ಕೆ "ಇದೂ ಆಗಲಿಲ್ಲ" ಎಂದು ಬಿಡಬೇಡಿ. ಸಿಟ್ರಿಜಿನ್‌ನಂಥ ಮಾತ್ರೆಗಳಿಂದ ನಾಯಿಗಳಿಗೆ ಹೆಚ್ಚಿನ ಪ್ರಯೋಜನವಿಲ್ಲ. ಮನೆಯಲ್ಲಿರುವ ನೆಗಡಿಯ ಮಾತ್ರೆಯಲ್ಲಿ ಅದರ ಜೊತೆ ಸೂಡೊಎಫೆಡ್ರಿನ್ ಬೆರೆತಿದ್ದರೆ ಅದು ವಿಷವೇ.

ಔಷಧಿಯ ಡೋಸ್ ಇಳಿಸಲು ಮನೆಯ ಕೆಲಸ ನೆರವಾಗುತ್ತದೆ: ವಾರಕ್ಕೊಂದು ಸ್ನಾನ, ಹೊರಗೆ ಹೋಗಿಬಂದ ಕೂಡಲೇ ಒದ್ದೆಬಟ್ಟೆಯಲ್ಲಿ ಪಾದ, ಹೊಟ್ಟೆ ಒರೆಸಿ ಒಣಗಿಸುವುದು, ಒಮೆಗಾ 3 ಇರುವ ಮೀನೆಣ್ಣೆ. ಮೀನೆಣ್ಣೆಯ ಗುಣ ಕಾಣಲು ಎರಡು ಮೂರು ತಿಂಗಳು ಬೇಕು, ಡೋಸ್ ವೈದ್ಯರು ಅದರಲ್ಲಿರುವ ಇಪಿಎ, ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳ ಲೆಕ್ಕದಲ್ಲಿ ಹೇಳಲಿ. ಚಿಗಟದ ಔಷಧಿ ವರ್ಷವಿಡೀ.

6. ತುರಿಕೆಯಿಲ್ಲದೆ ಕೂದಲುದುರಿದರೆ

ಆರೇಳು ವರ್ಷದ ಲ್ಯಾಬ್ರಡಾರ್, ಗೋಲ್ಡನ್ ಅಥವಾ ಡಾಬರ್‌ಮನ್ ಮಂಕಾಗಿ, ಕಡಿಮೆ ತಿಂದರೂ ದಪ್ಪಗಾಗಿ, ಬಾಲದ ಕೂದಲು ಉದುರಿ ಇಲಿಬಾಲದಂತಾದರೆ ಥೈರಾಯ್ಡ್ ನೋಡಿಸಿ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನಾದ ಟಿ4 ಜೊತೆ, ಆ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಕೂಡ ನೋಡಬೇಕು. ಬೇರೆ ಕಾಯಿಲೆಯಲ್ಲೂ, ಸ್ಟೀರಾಯ್ಡ್ ತೆಗೆದುಕೊಳ್ಳುವಾಗಲೂ ಟಿ4 ತಾನಾಗಿ ಇಳಿಯುವುದರಿಂದ ಅದೊಂದನ್ನೇ ನಂಬಿ ಮಾತ್ರೆ ಶುರು ಮಾಡುವಂತಿಲ್ಲ. ತುಂಬಾ ನೀರು ಕುಡಿದು, ಹೊಟ್ಟೆ ಜೋತಿದ್ದರೆ ಕುಶಿಂಗ್ಸ್, ಅಂದರೆ ದೇಹದಲ್ಲಿ ಕಾರ್ಟಿಸೋಲ್ ಹಾರ್ಮೋನು ಅತಿಯಾಗುವ ಕಾಯಿಲೆಯ ಪರೀಕ್ಷೆ.

ಹಚ್ಚಬಾರದವು

ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್: ಚರ್ಮ ಸುಡುತ್ತವೆ, ನೆಕ್ಕಿದರೆ ಒಳಗೂ ವಿಷ. ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಟೀ ಟ್ರೀ ಎಣ್ಣೆ ಕೂಡ ಹಾಗೆಯೇ. ಮನುಷ್ಯರ ಸ್ಟೀರಾಯ್ಡ್ ಬೆರೆತ ತುರಿಕೆ ಕ್ರೀಮುಗಳು ಮೊದಲು ವಾಸಿಯಾದಂತೆ ತೋರಿಸಿ ಆಮೇಲೆ ಚರ್ಮ ತೆಳುವಾಗಿಸುತ್ತವೆ. ಸತುವಿನ ಭಸ್ಮ (ಜಿಂಕ್ ಆಕ್ಸೈಡ್) ಇರುವ ಬಿಳಿ ಮುಲಾಮು ನೆಕ್ಕಿದರೆ ರಕ್ತಕ್ಕೆ ಕೆಡುಕು. ಮನುಷ್ಯರ ಸೋಪು ಬೇಡ, ನಾಯಿಯ ಚರ್ಮ ನಮ್ಮದರಷ್ಟು ಆಮ್ಲೀಯವಲ್ಲ. ದನದ ಉಣ್ಣೆಗೆ ಬಳಸುವ ಅಮಿಟ್ರಾಜ್ ದ್ರಾವಣವನ್ನು ಅಂದಾಜಿನಲ್ಲಿ ಕಲಸಿ ಹಚ್ಚಿದ ನಾಯಿ ತೂಕಡಿಸಿ, ಎದೆಬಡಿತ ನಿಧಾನವಾಗಿ ಆಸ್ಪತ್ರೆ ಸೇರುವುದುಂಟು.

ಕಾಯದೆ ಹೋಗಬೇಕಾದದ್ದು: ಮುಖ ಊದಿಕೊಂಡರೆ, ಮರಿಯ ಮುಖದಲ್ಲಿ ಕೀವಿನ ಜೊತೆ ಜ್ವರವಿದ್ದರೆ, ಗಾಯಕ್ಕೆ ಹುಳ ಬಿದ್ದಿದ್ದರೆ. ಹುಳಕ್ಕೆ ಟರ್ಪೆಂಟೈನ್ ಸುರಿದು ಮನೆಯಲ್ಲೇ ಕೂರಬೇಡಿ. ಒಳಗೆ ಎಷ್ಟು ಆಳವಿದೆ ಎಂದು ಹೊರಗಿನಿಂದ ಕಾಣುವುದಿಲ್ಲ, ಕೂದಲು ಕತ್ತರಿಸಿ ಒಂದೊಂದೇ ಹೊರತೆಗೆಯಬೇಕು.

ಹತೋಟಿಗೆ ಬಂದ ನಾಯಿ ಆರು ತಿಂಗಳ ಮೇಲೆ ಮತ್ತೆ ಕೆರೆಯಲು ಶುರು ಮಾಡಿದರೆ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತರಬೇಡಿ. ಚಿಗಟದ ಔಷಧಿಯ ಕೊನೆಯ ದಿನಾಂಕ ನೋಡಿ, ಬಾಚಣಿಗೆ ಪರೀಕ್ಷೆ ಮಾಡಿ, ಊಟದಲ್ಲಿ ಏನು ಬದಲಾಯಿತೆಂದು ವಿಚಾರಿಸಿ, ಟೇಪ್ ಸೈಟಾಲಜಿ ಮಾಡಿಸಿ, ಮಾತ್ರೆ ಅದರ ನಂತರ. ಟೇಪ್ ತೆಗೆಯುವ ಹಿಂದಿನ ಎರಡು ಮೂರು ದಿನ ಔಷಧಿ ಶಾಂಪೂ ಹಾಕಬೇಡಿ, ಸ್ಲೈಡ್‌ನಲ್ಲಿ ಏನೂ ಸಿಗದೆ ಹೋಗುತ್ತದೆ.